ಶತ್ರು ನಿಯಮ ಮುರಿದ ಮೇಲೂ ಯುದ್ಧಕೈದಿಗಳನ್ನು ನಾವು ಕಾನೂನಿನಂತೆಯೇ ನಡೆಸಿಕೊಳ್ಳಬೇಕೇ?

ಕಾರ್ಗಿಲ್ ಯುದ್ಧದ ಸಮಯದಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಜೊತೆಗಾರರ ದೇಹಗಳು ಚಿತ್ರಹಿಂಸೆಯ ಗುರುತುಗಳೊಂದಿಗೆ ಮರಳಿದ ಮೇಲೂ, ಆ ಕಡೆಯ ಸೈನಿಕರು ನಮ್ಮ ಕೈಗೆ ಸಿಕ್ಕರೆ ಜಿನೀವಾ ಒಪ್ಪಂದವನ್ನು ನಾವೇಕೆ ಪಾಲಿಸಬೇಕು ಎಂದು ನೀವು ಕೇಳಿದ್ದೀರಿ. ಭಯೋತ್ಪಾದಕ ಸಿಕ್ಕಿಬಿದ್ದರೂ ಇದೇ ನಿಯಮವೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಮೈಸೂರಿನಲ್ಲಿ ಕಾನೂನು ಪಾಠ ಹೇಳುವ ನನಗೆ ಇದೇ ಪ್ರಶ್ನೆ ತರಗತಿಯಲ್ಲಿಯೂ ಎದುರಾಗುತ್ತದೆ. ಕೇಳುವವರ ಸಿಟ್ಟು ನ್ಯಾಯವಾದದ್ದೇ ಆದುದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ.

ಯುದ್ಧಕೈದಿಗಳಿಗೆ ಸಂಬಂಧಿಸಿದ್ದು 1949ರ ಆಗಸ್ಟ್ 12ರಂದು ಅಂಗೀಕೃತವಾದ ಮೂರನೆಯ ಜಿನೀವಾ ಒಪ್ಪಂದ. ಇದನ್ನು ‘ನೀನು ಪಾಲಿಸಿದರೆ ನಾನೂ ಪಾಲಿಸುತ್ತೇನೆ’ ಎಂಬ ವ್ಯಾಪಾರದ ಕರಾರಿನಂತೆ ಬರೆದಿಲ್ಲ. ಎಲ್ಲ ಸಂದರ್ಭಗಳಲ್ಲಿಯೂ ಗೌರವಿಸುತ್ತೇವೆ ಎಂದು ಪ್ರತಿಯೊಂದು ದೇಶವೂ ಮೊದಲನೆಯ ವಿಧಿಯಲ್ಲಿಯೇ ಒಪ್ಪಿಕೊಂಡಿದೆ. 13ನೆಯ ವಿಧಿಯಂತೂ ಕೈದಿಗಳ ಮೇಲೆ ಮುಯ್ಯಿ ತೀರಿಸಿಕೊಳ್ಳುವುದನ್ನು ಯಾವ ವಿನಾಯಿತಿಯೂ ಇಲ್ಲದೆ ನಿಷೇಧಿಸುತ್ತದೆ. ಯುದ್ಧ ನಡೆಯುತ್ತಿರುವಾಗ ಒಂದು ದೇಶ ‘ಈ ಒಪ್ಪಂದವೇ ನನಗೆ ಬೇಡ’ ಎಂದು ಘೋಷಿಸಿದರೂ, ಶಾಂತಿ ಏರ್ಪಟ್ಟು ಕೈದಿಗಳು ಮನೆ ಸೇರುವ ತನಕ ಆ ಘೋಷಣೆ ಜಾರಿಗೆ ಬರುವುದಿಲ್ಲ. ಕಾರಣ ಸರಳವಾಗಿದೆ: ಕಾಲಿಯಾ ಅವರನ್ನು ಹಿಂಸಿಸಿದವನು ಒಬ್ಬ, ನಾಳೆ ನಮ್ಮ ಶಿಬಿರದಲ್ಲಿ ಕೈಕಟ್ಟಿ ಕೂರುವವನು ಇನ್ನೊಬ್ಬ. ಆಯುಧವನ್ನು ಕೆಳಗಿಟ್ಟವನು ತನ್ನ ಸರ್ಕಾರದ ತಪ್ಪಿಗೆ ಒತ್ತೆಯಾಳಾಗಬಾರದು.

ಇಂಥ ಕಾನೂನು ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ, ಕಾವೇರಿಯ ದಡಕ್ಕೆ ಸಮೀಪದಲ್ಲಿ, ನೆಲಮಟ್ಟದಿಂದ ಕೆಳಗಿರುವ ಕಮಾನು ಚಾವಣಿಯ ಸೆರೆಮನೆಯೊಂದಿದೆ. ಕೈದಿಗಳನ್ನು ಸರಪಳಿಯಿಂದ ಬಿಗಿಯಲು ಗೋಡೆಗೆ ಕೂರಿಸಿದ್ದ ತೂತುಗಳುಳ್ಳ ಕಲ್ಲುಗಳು ಅಲ್ಲಿ ಇಂದಿಗೂ ಇವೆ. 1780ರಲ್ಲಿ ಪೊಲ್ಲಿಲೂರಿನ ಕದನದಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಪಡೆಗೆ ಸೆರೆಯಾದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿ 1782ರಲ್ಲಿ ಸೆರೆಯಲ್ಲಿಯೇ ಸತ್ತ. ಅವನೊಂದಿಗೆ ಸೆರೆ ಸಿಕ್ಕ ಡೇವಿಡ್ ಬೈರ್ಡ್, ಟಿಪ್ಪುವಿಗೂ ಬ್ರಿಟಿಷರಿಗೂ 1784ರಲ್ಲಿ ಮಂಗಳೂರು ಒಪ್ಪಂದವಾಗುವ ತನಕ ಬಂಧನದಲ್ಲಿದ್ದ. ಬ್ರಿಟಿಷರು ಬರೆದಿಟ್ಟ ವರ್ಣನೆಗಳಲ್ಲಿ ಉತ್ಪ್ರೇಕ್ಷೆ ಎಷ್ಟು ಎಂಬುದು ಬೇರೆಯೇ ಚರ್ಚೆ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಇಷ್ಟು: ಅಂದು ಸೆರೆಯಾಳಿನ ಅನ್ನ, ನೀರು, ಬಿಡುಗಡೆ ಎಲ್ಲವೂ ಸೆರೆ ಹಿಡಿದವರ ಮರ್ಜಿಗೆ ಬಿಟ್ಟದ್ದಾಗಿತ್ತು, ಮತ್ತು ಅವನು ಬದುಕಿದ್ದಾನೆಯೇ ಎಂಬುದನ್ನು ಮನೆಯವರಿಗೆ ತಿಳಿಸುವ ಹೊಣೆ ಯಾರಿಗೂ ಇರಲಿಲ್ಲ.

ಮೂರನೆಯ ಒಪ್ಪಂದದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಕೊನೆಯ ವಿಷಯವೇ. ಶಿಬಿರ ತಲುಪಿದ ಒಂದು ವಾರದೊಳಗೆ ಕೈದಿಯು ಮನೆಗೂ ರೆಡ್ ಕ್ರಾಸ್‌ನ ಕೇಂದ್ರ ಸಂಸ್ಥೆಗೂ ತಾನು ಸೆರೆಯಲ್ಲಿದ್ದೇನೆ ಎಂದು ತಿಳಿಸುವ ಕಾರ್ಡು ಬರೆಯಲು ಅವಕಾಶವಿರಬೇಕು. ಆಮೇಲೆ, ಪತ್ರಗಳಿಗೆ ಮಿತಿ ಹಾಕಲೇಬೇಕಾದ ಪರಿಸ್ಥಿತಿ ಬಂದರೂ, ಸಾಮಾನ್ಯವಾಗಿ ತಿಂಗಳಿಗೆ ಎರಡು ಪತ್ರ ಮತ್ತು ನಾಲ್ಕು ಕಾರ್ಡುಗಳಿಗಿಂತ ಕಡಿಮೆ ಮಾಡುವಂತಿಲ್ಲ. ವಿಚಾರಣೆಯಲ್ಲಿ ಅವನು ಹೇಳಬೇಕಾದದ್ದು ಹೆಸರು, ಹುದ್ದೆ, ಹುಟ್ಟಿದ ದಿನಾಂಕ ಮತ್ತು ಸೇನಾ ಸಂಖ್ಯೆ ಮಾತ್ರ. ಇವು ಮೇಲ್ನೋಟಕ್ಕೆ ಗುಮಾಸ್ತಿಕೆಯ ವಿವರಗಳಂತೆ ಕಂಡಾವು. ಆದರೆ ಹೆಸರು ದಾಖಲಾದ ಕೈದಿಯನ್ನು ಕೊಂದು ಮುಚ್ಚಿಹಾಕುವುದು ಕಷ್ಟ. 1971ರಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಂಬಲಾದ 54 ಯೋಧರ ಕುಟುಂಬಗಳು ದಶಕಗಳ ಕಾಲ ಕಾದದ್ದು ಇಂಥ ಒಂದು ದಾಖಲೆಗಾಗಿಯೇ. ಅವರು ತನ್ನ ಬಳಿ ಇಲ್ಲ ಎಂದೇ ಆ ದೇಶ ಹೇಳುತ್ತ ಬಂದಿದೆ.

ನಮ್ಮ ದೇಶದ ನಡೆಯನ್ನೂ ಇದೇ ಕಾನೂನಿನಿಂದ ಅಳೆಯಬೇಕು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದಾಗ ನಾಗರಿಕರೂ ಸೇರಿ ಸುಮಾರು 93,000 ಮಂದಿ ನಮ್ಮ ವಶಕ್ಕೆ ಬಂದರು. ಅವರಿಗೆ ಊಟ, ವಸತಿ, ಚಿಕಿತ್ಸೆ ಒದಗಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಸಕ್ರಿಯ ಕದನ ನಿಂತ ಮೇಲೆ ತಡಮಾಡದೆ ಕೈದಿಗಳನ್ನು ಬಿಡಬೇಕು ಎಂದು 118ನೆಯ ವಿಧಿ ಹೇಳುತ್ತದೆ; ಕೊನೆಯ ತಂಡ ವಾಪಸಾದದ್ದು 1974ರ ಏಪ್ರಿಲ್‌ನಲ್ಲಿ. ಶರಣಾಗತಿ ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ ಆದುದರಿಂದ ನಾವೊಬ್ಬರೇ ತೀರ್ಮಾನಿಸುವಂತಿಲ್ಲ ಎಂಬುದು ನಮ್ಮ ಸರ್ಕಾರದ ವಾದವಾಗಿತ್ತು. ರಾಜಕೀಯವಾಗಿ ಅದಕ್ಕೆ ತೂಕವಿತ್ತು, ಆದರೆ ಎರಡು ವರ್ಷಕ್ಕೂ ಮೀರಿದ ಆ ವಿಳಂಬವನ್ನು ಕಾನೂನಿನ ದೃಷ್ಟಿಯಿಂದ ಪೂರ್ತಿಯಾಗಿ ಸಮರ್ಥಿಸಲು ನನ್ನಿಂದ ಸಾಧ್ಯವಿಲ್ಲ.

ಹಾಗಾದರೆ ಕಾಲಿಯಾ ಅವರಿಗೆ ನ್ಯಾಯ? ಯುದ್ಧಕೈದಿಯ ಹತ್ಯೆ ಮತ್ತು ಚಿತ್ರಹಿಂಸೆ ಒಪ್ಪಂದದ ಘೋರ ಉಲ್ಲಂಘನೆಗಳು. ಅಂಥ ಆರೋಪಿ ಯಾವ ದೇಶದವನೇ ಆಗಿರಲಿ, ಅವನನ್ನು ಹುಡುಕಿ ವಿಚಾರಣೆಗೆ ಒಳಪಡಿಸುವುದು ಒಪ್ಪಂದಕ್ಕೆ ಸೇರಿದ ಎಲ್ಲ ದೇಶಗಳ ಕರ್ತವ್ಯ. ನಮ್ಮಲ್ಲಿ ಇದಕ್ಕೆಂದೇ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ, ಆದರೆ ಸರ್ಕಾರದ ಕಡೆಯಿಂದ ದೂರು ಬಾರದೆ ನ್ಯಾಯಾಲಯ ಅದರಡಿ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣವೆಂದರೆ, ಪಾಕಿಸ್ತಾನವೂ ಸೇರಿರುವ ಕಾಮನ್‌ವೆಲ್ತ್ ದೇಶಗಳೊಂದಿಗಿನ ವ್ಯಾಜ್ಯಗಳಿಗೆ ಅದರ ಅಧಿಕಾರವನ್ನು ಒಪ್ಪುವುದಿಲ್ಲ ಎಂದು ನಾವೇ ಷರತ್ತು ಹಾಕಿಟ್ಟಿದ್ದೇವೆ. 1999ರಲ್ಲಿ ತನ್ನ ವಿಮಾನವನ್ನು ಹೊಡೆದುರುಳಿಸಿದ್ದಕ್ಕಾಗಿ ಪಾಕಿಸ್ತಾನ ಹೂಡಿದ ಮೊಕದ್ದಮೆ 2000ದ ಜೂನ್‌ನಲ್ಲಿ ಬಿದ್ದುಹೋದದ್ದು ಈ ಷರತ್ತಿನ ಬಲದಿಂದಲೇ. ಅಂದು ನಮ್ಮನ್ನು ಕಾಪಾಡಿದ ಷರತ್ತು ಕಾಲಿಯಾ ಪ್ರಕರಣದಲ್ಲಿ ನಮಗೇ ಅಡ್ಡ ನಿಂತಿದೆ. ನಿಮ್ಮ ಸಿಟ್ಟು ತಿರುಗಬೇಕಾದದ್ದು ಇಂಥ ಅಡೆತಡೆಗಳ ಕಡೆಗೆ ಎಂದು ನನ್ನ ಭಾವನೆ.

ಇನ್ನು ಎರಡನೆಯ ಪ್ರಶ್ನೆ. ಯುದ್ಧಕೈದಿಯ ಸ್ಥಾನ ಮುಖ್ಯವಾಗಿ ಒಂದು ದೇಶದ ಸೇನೆಗೆ ಅಥವಾ ನಾಲ್ಕನೆಯ ವಿಧಿಯ ಷರತ್ತುಗಳನ್ನು ಪೂರೈಸುವ ಪಡೆಗೆ ಸೇರಿದವರಿಗೆ ಸಿಗುತ್ತದೆ. ಅನುಮಾನವಿದ್ದರೆ, ಸಮರ್ಥ ನ್ಯಾಯಮಂಡಳಿಯೊಂದು ತೀರ್ಮಾನಿಸುವ ತನಕ ಅವನನ್ನು ಯುದ್ಧಕೈದಿಯಂತೆಯೇ ನಡೆಸಿಕೊಳ್ಳಬೇಕು. ನಾಗರಿಕರ ಮೇಲೆ ಗುಂಡು ಹಾರಿಸಿದ ಭಯೋತ್ಪಾದಕ ಈ ಗುಂಪಿಗೆ ಸೇರುವುದಿಲ್ಲ; ಅವನು ಸಾಮಾನ್ಯ ಕ್ರಿಮಿನಲ್ ಕಾನೂನಿನಡಿಯ ಆರೋಪಿ. ಯುದ್ಧ ಮುಗಿಯಿತೆಂದು ಬಿಡುಗಡೆ ಕೇಳುವ ಹಕ್ಕು ಅವನಿಗಿಲ್ಲ, ಆದರೆ ವಕೀಲನನ್ನು ಪಡೆಯುವ ಮತ್ತು ಮೇಲ್ಮನವಿ ಸಲ್ಲಿಸುವ ಹಕ್ಕುಗಳಿವೆ. ಮುಂಬೈ ದಾಳಿಯ ಕಸಬ್‌ನನ್ನು 2012ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದ್ದು ವಿಚಾರಣಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಮತ್ತು ಕ್ಷಮಾದಾನದ ಅರ್ಜಿ, ಈ ಎಲ್ಲ ಹಂತಗಳೂ ಮುಗಿದ ಮೇಲೆಯೇ.