ಸೊಂಟಕ್ಕೆ ಕೃತಕ ಡಿಸ್ಕ್ ಹಾಕಿಸ್ಕೊಂಡ್ರೆ ಮತ್ತೆ ಕಾಫಿ ಮೂಟೆ ಎತ್ಬೋದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಂಗೆ 43 ವರ್ಷ, ನಾಪೋಕ್ಲು ಹತ್ರ ಸಣ್ಣ ಕಾಫಿ ತೋಟ ಇದೆ. ಜನವರಿ ಕೊಯ್ಲಲ್ಲಿ ಮೂಟೆ ಎತ್ತುವಾಗ ಸೊಂಟ ಹಿಡ್ಕೊಂಡಿದ್ದು ನಾಲ್ಕು ತಿಂಗಳಾದ್ರೂ ಬಿಟ್ಟಿಲ್ಲ. ಕಾಲಿಗೆ ನೋವಿಲ್ಲ, ಸೊಂಟ ಮಾತ್ರ. ಎಂಆರ್‌ಐಲಿ ಎಲ್5-ಎಸ್1 ಡಿಸ್ಕ್ (ಸೊಂಟದ ತೀರಾ ಕೆಳಗಿನ, ಎರಡು ಮೂಳೆ ಮಧ್ಯದ ಮೆತ್ತೆ) ಒಣಗಿದೆ ಅಂತ ಬಂತು. ಮೈಸೂರಲ್ಲಿ ಒಬ್ರು ಡಾಕ್ಟ್ರು ಅದನ್ನ ತೆಗ್ದು ಕೃತಕ ಡಿಸ್ಕ್ ಹಾಕ್ಬೋದು ಅಂದ್ರು. ಹಾಕಿಸ್ಲಾ? ಆಮೇಲೆ ಮೂಟೆ ಎತ್ಬೋದಾ, ಜೀಪ್ ಓಡಿಸ್ಬೋದಾ?

ಉತ್ತರ: ಈಗ್ಲೇ ಬೇಡ. ರಿಪೋರ್ಟಲ್ಲಿ ಒಣಗಿದೆ ಅಂತ ಇದ್ರೆ ಗಾಬರಿ ಆಗ್ಬೇಡಿ, ನಿಮ್ಮ ವಯಸ್ಸಲ್ಲಿ ಒಂದು ಚೂರೂ ನೋವಿಲ್ದೆ ಓಡಾಡ್ಕೊಂಡಿರೋ ಎಷ್ಟೋ ಜನರ ಎಂಆರ್‌ಐ ತೆಗೆದ್ರೂ ಅದೇ ಕಾಣುತ್ತೆ, ಹಾಗಾಗಿ ನಿಮ್ಮ ನೋವು ನಿಜಕ್ಕೂ ಆ ಡಿಸ್ಕಿಂದಾನೇ ಬರ್ತಿದ್ಯಾ ಅನ್ನೋದು ಮೊದ್ಲು ಗೊತ್ತಾಗ್ಬೇಕು.

ಈ ಕೃತಕ ಡಿಸ್ಕ್ ಹೊಸದೇನಲ್ಲ. 1972ರ ಒಲಿಂಪಿಕ್ಸಲ್ಲಿ ಜಿಮ್ನಾಸ್ಟಿಕ್ಸಿಗೆ ಎರಡು ಚಿನ್ನ ಗೆದ್ದಿದ್ದ ಕರೀನ್ ಬ್ಯೂಟ್ನರ್-ಯಾನ್ಸ್ ಆಮೇಲೆ ಡಾಕ್ಟರಾಗಿ, ಬರ್ಲಿನ್ನಿನ ಶಾರಿಟೆ ಆಸ್ಪತ್ರೆಲಿ ಕುರ್ಟ್ ಶೆಲ್ನಾಕ್ ಜೊತೆ ಇದನ್ನ ಮಾಡಿದ್ರು. ಮೇಲೊಂದು ಕೆಳಗೊಂದು ಲೋಹದ ಪ್ಲೇಟು, ಮಧ್ಯೆ ಜಾರೋ ಪ್ಲಾಸ್ಟಿಕ್ ತಿರುಳು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ತು, ಅದೂ ಕನಿಷ್ಠ ಆರು ತಿಂಗಳು ಆಪರೇಷನ್ ಇಲ್ದೆ ಟ್ರೀಟ್‌ಮೆಂಟ್ ತಗೊಂಡೂ ವಾಸಿಯಾಗ್ದೇ ಇರೋರಿಗೆ ಮಾತ್ರ. ನಿಮ್ದು ನಾಲ್ಕೇ ತಿಂಗಳು. ಮಳೆಗಾಲದಲ್ಲಿ ಭಾರದ ಕೆಲಸ ಹೇಗೂ ಕಮ್ಮಿ, ಕಕ್ಕಡ ತಿಂಗಳು ಮುಗಿಯೋವರೆಗೆ, ಅಂದ್ರೆ ಆಗಸ್ಟ್ ಮಧ್ಯದವರೆಗೆ, ಫಿಸಿಯೋಥೆರಪಿ ಒಂದಿನಾನೂ ಬಿಡ್ದೆ ಮಾಡಿ. ಮಲಗೇ ಇರ್ಬೇಡಿ, ನಡೀರಿ.

ಆಮೇಲೂ ನೋವಿದ್ರೆ ಸರ್ಜನ್ ಹತ್ರ ಕೇಳ್ಬೇಕಾದ ಮುಖ್ಯ ಪ್ರಶ್ನೆ: ನನ್ನ ಫ್ಯಾಸೆಟ್ ಕೀಲುಗಳು ಚೆನ್ನಾಗಿವ್ಯಾ? ಬೆನ್ನುಮೂಳೆ ಹಿಂಭಾಗದಲ್ಲಿರೋ ಈ ಚಿಕ್ಕ ಕೀಲುಗಳು ಸವೆದಿದ್ರೆ ಮುಂಭಾಗದಲ್ಲಿ ಎಂಥ ಡಿಸ್ಕ್ ಹಾಕಿದ್ರೂ ಹಿಂಭಾಗದ ನೋವು ಹೋಗಲ್ಲ. ಮೂಳೆ ಟೊಳ್ಳಾಗಿದ್ರೆ ಪ್ಲೇಟು ಒಳಗೆ ಕುಸಿಯುತ್ತೆ, ಒಂದು ಮೂಳೆ ಇನ್ನೊಂದರ ಮೇಲಿಂದ ಜಾರಿದ್ರೂ ಹಾಕೋ ಹಾಗಿಲ್ಲ. ಅಂಥವರಿಗೆ ಸ್ಕ್ರೂ-ರಾಡ್ ಹಾಕಿ ಎರಡು ಮೂಳೆ ಒಂದು ಮಾಡೋದೇ ಸಾಮಾನ್ಯ, ಆದ್ರೆ ಆ ಜಾಗ ಆಮೇಲೆ ಬಗ್ಗಲ್ಲ, ಅಕ್ಕಪಕ್ಕದ ಡಿಸ್ಕಿಗೆ ಭಾರ ಜಾಸ್ತಿ ಬೀಳುತ್ತೆ. ಕೃತಕ ಡಿಸ್ಕಲ್ಲಿ ಬಗ್ಗೋದು ಉಳಿಯುತ್ತೆ, ಅದೇ ಅದರ ದೊಡ್ಡ ಲಾಭ.

ಇನ್ನೊಂದು ವಿಷಯ, ಇದನ್ನ ಮುಜುಗರ ಪಟ್ಕೊಂಡು ಯಾರೂ ಕೇಳಲ್ಲ. ಈ ಆಪರೇಷನ್ ಬೆನ್ನಿಂದ ಅಲ್ಲ, ಹೊಟ್ಟೆ ಕಡೆಯಿಂದ. ಕರುಳನ್ನ ಪಕ್ಕಕ್ಕೆ ಸರಿಸಿ, ಕಾಲಿಗೆ ಹೋಗೋ ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ಕೆಲಸ ಮಾಡ್ತಾರೆ. ಅಲ್ಲಿರೋ ಸಣ್ಣ ನರಗಳಿಗೆ ಪೆಟ್ಟಾದ್ರೆ ಗಂಡಸರಿಗೆ ವೀರ್ಯ ಹೊರಗೆ ಬರ್ದೆ ಮೂತ್ರಚೀಲಕ್ಕೆ ಹೋಗ್ಬೋದು. ಮಕ್ಕಳು ಬೇಕು ಅಂತಿದ್ರೆ ಮೊದ್ಲೇ ಹೇಳಿ. ಎರಡನೇ ಸಲ ಅದೇ ಜಾಗ ತೆರೆಯೋದು ಇನ್ನೂ ಕಷ್ಟ.

ಜೀಪ್ ಓಡಿಸ್ಬೋದು, ಸರ್ಜನ್ ಸರಿ ಅಂದ್ಮೇಲೆ. ಮೂಟೆ ಬೇಡ. 50 ಕೆಜಿ ಮೂಟೆನ ಕಣದಿಂದ ಬಗ್ಗಿ ಎತ್ತಿ, ಕಾಲು ತಿರುಗಿಸ್ದೆ ಸೊಂಟ ಮಾತ್ರ ತಿರುವಿ ಪಿಕಪ್ಪಿಗೆ ಎಸಿತೀವಲ್ಲ, ಡಿಸ್ಕಿಗೆ ಅದಕ್ಕಿಂತ ಕೆಟ್ಟದ್ದಿಲ್ಲ, ಸ್ವಂತದ್ದಿರ್ಲಿ ಹಾಕಿಸಿದ್ದಿರ್ಲಿ.

ಈ ಮಧ್ಯೆ ಮೂತ್ರ ಕಟ್ಟಿದ್ರೆ, ತೊಡೆ ಸಂದು, ಗುದದ ಸುತ್ತ ಮರಗಟ್ಟಿದ್ರೆ, ಪಾದ ಎತ್ತಕ್ಕಾಗ್ದೇ ಎಳೆದ್ರೆ, ರಾತ್ರಿಯಾದ್ರೂ ಸರಿ, ಆಗ್ಲೇ ಮಡಿಕೇರಿ ಎಮರ್ಜೆನ್ಸಿಗೆ ಹೊರಡಿ.