ಕನ್‌ಸ್ಟ್ರಕ್ಟರ್ ಓಡದೆಯೂ ಜಾವಾ ಆಬ್ಜೆಕ್ಟ್ ಹುಟ್ಟುವುದು ಹೇಗೆ?

ಡಿಸೀರಿಯಲೈಸ್ ಮಾಡುವಾಗ, ಅಂದರೆ ಬೈಟ್‌ಗಳಾಗಿ ಉಳಿಸಿದ ಆಬ್ಜೆಕ್ಟನ್ನು ಮರಳಿ ಕಟ್ಟುವಾಗ, ಕನ್‌ಸ್ಟ್ರಕ್ಟರ್‌ನಲ್ಲಿ (ಹೊಸ ಆಬ್ಜೆಕ್ಟನ್ನು ಸಿದ್ಧಗೊಳಿಸುವ ಕೋಡ್‌ನಲ್ಲಿ) ಬರೆದ ಪ್ರಿಂಟ್ ಸಾಲು ಕಾಣಿಸುವುದೇ ಇಲ್ಲ, ಆದರೂ ಆಬ್ಜೆಕ್ಟ್ ಕೈಗೆ ಬರುತ್ತದೆ, ಏಕೆ ಎಂದು ಕೇಳಿದ್ದೀರಿ.

ಜಾವಾ ಇಲ್ಲಿ ನಿಮ್ಮ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಬಿಟ್ಟು ವಂಶಾವಳಿಯಲ್ಲಿ ಮೇಲಕ್ಕೆ ಹೋಗುತ್ತದೆ. ಸೀರಿಯಲೈಸಬಲ್ (ಬೈಟ್‌ಗಳಾಗಿ ಉಳಿಸಬಹುದೆಂದು ಗುರುತು ಮಾಡಿದ ಕ್ಲಾಸ್) ಅಲ್ಲದ ಮೊದಲ ಪೂರ್ವಜ ಸಿಕ್ಕಿದೊಡನೆ ಅದರ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರನ್ನು ಮಾತ್ರ ಓಡಿಸುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಎಲ್ಲ ಕ್ಲಾಸುಗಳ ಮೂಲವಾದ ‘ಆಬ್ಜೆಕ್ಟ್’ ಕ್ಲಾಸಿನದೇ. ಬಳಿಕ ಬೈಟ್‌ಗಳಿಂದ ಓದಿದ ಮೌಲ್ಯಗಳನ್ನು ನೇರವಾಗಿ ಫೀಲ್ಡ್‌ಗಳಿಗೆ ತುಂಬುತ್ತದೆ. ಆ ಪೂರ್ವಜನಲ್ಲಿ ಅಂಥ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ‘ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಶನ್’ ಬರುತ್ತದೆ.

ಅಪಾಯವಿರುವುದು ಇಲ್ಲಿಯೇ. ‘ಖಾತೆ’ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ ಶಿಲ್ಕು ಸೊನ್ನೆಗಿಂತ ಕಡಿಮೆ ಇರಬಾರದೆಂದು ನೀವು ಕಾವಲು ಹಾಕಿರುತ್ತೀರಿ. ಯಾರಾದರೂ ಬೈಟ್‌ಗಳನ್ನು ತಿದ್ದಿ −500 ತುಂಬಿದರೆ ಆ ಖಾತೆ ಸಲೀಸಾಗಿ ಒಳಗೆ ಬರುತ್ತದೆ, ಏಕೆಂದರೆ ಕಾವಲಿದ್ದ ಬಾಗಿಲಿನಿಂದ ಅದು ಬರಲೇ ಇಲ್ಲ. ಟ್ರಾನ್ಸಿಯಂಟ್ (ಬೈಟ್‌ಗಳಲ್ಲಿ ಉಳಿಸಬೇಡ ಎಂದು ಗುರುತಿಸಿದ) ಲಿಸ್ಟ್‌ಗೆ ಫೀಲ್ಡ್‌ನಲ್ಲೇ ಆರಂಭಿಕ ಮೌಲ್ಯ ಕೊಟ್ಟಿದ್ದರೂ ಅದು ನಲ್ ಆಗಿಯೇ ಉಳಿಯುತ್ತದೆ. ಹಾಗಾಗಿ ಡಿಸೀರಿಯಲೈಸ್ ಮಾಡುವಾಗ ಜಾವಾ ಕರೆಯುವ ‘ರೀಡ್‌ಆಬ್ಜೆಕ್ಟ್’ ಮೆಥಡ್ ಬರೆದು ಅದೇ ತಪಾಸಣೆಯನ್ನು ಅಲ್ಲಿಯೂ ಮಾಡಲೇಬೇಕು.

ಉಳಿಸುವ, ಓದುವ ಕೆಲಸವನ್ನು ಕ್ಲಾಸಿಗೇ ಒಪ್ಪಿಸುವ ‘ಎಕ್ಸ್‌ಟರ್ನಲೈಸಬಲ್’ ಬಳಸಿದರೆ ಕ್ಲಾಸಿನ ಆರ್ಗ್ಯುಮೆಂಟ್ ಇಲ್ಲದ ಪಬ್ಲಿಕ್ ಕನ್‌ಸ್ಟ್ರಕ್ಟರ್ ಓಡುತ್ತದೆ. ಜಾವಾ 16ರಲ್ಲಿ ಸ್ಥಿರಗೊಂಡ ರೆಕಾರ್ಡ್‌ಗಳು (ಮಾಹಿತಿ ಹಿಡಿದಿಡಲೆಂದೇ ಇರುವ ಚಿಕ್ಕ ಕ್ಲಾಸ್‌ಗಳು) ಇನ್ನೂ ಉತ್ತಮ: ಅವುಗಳ ಮುಖ್ಯ ಕನ್‌ಸ್ಟ್ರಕ್ಟರ್ ತಪ್ಪದೆ ಓಡುತ್ತದೆ. ಹೊಸ ಕೋಡ್ ಬರೆಯುವಾಗ ನಾನು ರೆಕಾರ್ಡನ್ನೇ ಆರಿಸುತ್ತೇನೆ.