ಗಣಕ ಪ್ರಶ್ನೋತ್ತರ: ಡ್ಯಾಟ್ ಫೈಲಿಗೆ ಅಂಟಿಕೊಂಡ ಪ್ಲೇಯರನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ಮಾನ್ಯರೆ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಮಗಳ ಮದುವೆಯ ಹಳೆಯ ವಿಡಿಯೊ ಸಿಡಿಯನ್ನು ನೋಡಲೆಂದು ಅದರಲ್ಲಿದ್ದ, ಹೆಸರಿನ ಕೊನೆಯಲ್ಲಿ ‘ಡ್ಯಾಟ್’ (.dat) ಎಂಬ ಬಾಲವುಳ್ಳ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯುವಾಗ ಮೊಮ್ಮಗ ‘ಆಲ್ವೇಸ್’ ಎಂಬ ಗುಂಡಿಯನ್ನು ಒತ್ತಿಬಿಟ್ಟ. ಅಂದಿನಿಂದ ಎಲ್ಲ ಡ್ಯಾಟ್ ಫೈಲುಗಳೂ ವಿಎಲ್‌ಸಿಯಲ್ಲೇ ತೆರೆಯುತ್ತಿವೆ. ಇಮೇಲಿನ ಜೊತೆಗೆ ಬಂದ ‘ವಿನ್‌ಮೇಲ್’ ಎಂಬ ಡ್ಯಾಟ್ ಫೈಲನ್ನು ಒತ್ತಿದರೂ ಪ್ಲೇಯರ್ ಬಂದು ಸುಮ್ಮನೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಎಲ್‌ಸಿಯ ಬದಲು ಬೇರೆ ಪ್ರೋಗ್ರಾಮನ್ನು ಆರಿಸಬಹುದೇ ಹೊರತು ‘ಯಾವುದೂ ಬೇಡ’ ಎನ್ನಲು ಅವಕಾಶವೇ ಇಲ್ಲ. ಪರಿಚಯದ ಹುಡುಗನೊಬ್ಬ ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಸೋಕ್’ ಎಂಬ ಆದೇಶ ಕೊಟ್ಟು ನೋಡಿದಾಗ, ಡ್ಯಾಟ್‌ಗೆ ಯಾವ ಪ್ರೋಗ್ರಾಮಿನ ಸಂಬಂಧವೂ ಇಲ್ಲವೆಂಬ ಉತ್ತರ ಬಂತು. ಇಲ್ಲದ ಸಂಬಂಧವನ್ನು ಬಿಡಿಸುವುದು ಹೇಗೆ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಕಂಪ್ಯೂಟರ್ ತಮಗೆ ಸುಳ್ಳು ಹೇಳಿಲ್ಲ, ಕೇಳಿದ ಕಚೇರಿ ಬೇರೆ, ದಾಖಲೆ ಇರುವ ಕಚೇರಿ ಬೇರೆ, ಅಷ್ಟೆ. ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕೆಂಬುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗುಗಳನ್ನು ಬರೆದಿಡುವ ಕಡತದಲ್ಲಿ, ಎರಡು ಕಡೆ ಬರೆದಿಡುತ್ತದೆ. ಒಂದು ಇಡೀ ಯಂತ್ರಕ್ಕೆ ಅನ್ವಯಿಸುವ ದಾಖಲೆ; ಇನ್ನೊಂದು ಲಾಗಿನ್ ಆಗಿರುವ ಬಳಕೆದಾರರ ಸ್ವಂತ ಆಯ್ಕೆಯ ದಾಖಲೆ. ಅಸೋಕ್ ಆದೇಶವು ಮೊದಲನೆಯದನ್ನು ಮಾತ್ರ ನೋಡುತ್ತದೆ, ಆದರೆ ‘ಆಲ್ವೇಸ್’ ಗುಂಡಿಯನ್ನು ಒತ್ತಿದಾಗ ದಾಖಲಾಗುವುದು ಎರಡನೆಯದರಲ್ಲಿ, ಮತ್ತು ಎರಡರ ನಡುವೆ ಭಿನ್ನಾಭಿಪ್ರಾಯ ಬಂದರೆ ನಡೆಯುವುದು ಬಳಕೆದಾರರ ಮಾತೇ. ಆದ್ದರಿಂದ ಆ ಹುಡುಗ ಅಸೋಕ್‌ನಲ್ಲಿ ಏನು ಬದಲಾಯಿಸಿದ್ದರೂ ತಮ್ಮ ತೊಂದರೆ ತೀರುತ್ತಿರಲಿಲ್ಲ.

ಡ್ಯಾಟ್ ಎನ್ನುವುದು ಒಂದು ಜಾತಿಯ ಫೈಲಿನ ಹೆಸರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ವಿಡಿಯೊ ಸಿಡಿಯ ‘ಎಂಪೆಗ್‌ಎವಿ’ ಫೋಲ್ಡರಿನೊಳಗಿರುವ ಡ್ಯಾಟ್ ಫೈಲು ಎಂಪೆಗ್-1 ಬಗೆಯ ಚಲನಚಿತ್ರ. ತಮಗೆ ಬಂದ ವಿನ್‌ಮೇಲ್ ಫೈಲು, ಔಟ್‌ಲುಕ್‌ನಿಂದ ಕಳುಹಿಸಿದವರ ಪತ್ರದ ವಿನ್ಯಾಸ ಮತ್ತು ಲಗತ್ತುಗಳನ್ನು ಕಟ್ಟಿದ ಗಂಟು. ಇನ್ನೂ ಎಷ್ಟೋ ಪ್ರೋಗ್ರಾಮುಗಳು ತಮ್ಮ ಒಳಗಿನ ಮಾಹಿತಿಗೆ ಇದೇ ಬಾಲವನ್ನು ಅಂಟಿಸುತ್ತವೆ. ತಮಾಷೆಯೆಂದರೆ, ನಾವೀಗ ತಿದ್ದಲು ಹೊರಟಿರುವ ಬಳಕೆದಾರರ ರಿಜಿಸ್ಟ್ರಿಯೂ ಡಿಸ್ಕಿನಲ್ಲಿ ‘ಎನ್‌ಟಿ‌ಯೂಸರ್’ ಎಂಬ ಡ್ಯಾಟ್ ಫೈಲಾಗಿಯೇ ಇದೆ! ಹೀಗಿರುವಾಗ ಡ್ಯಾಟ್ ಫೈಲಿಗೆ ಯಾವುದೇ ಒಂದು ಪ್ರೋಗ್ರಾಮನ್ನು ಕಾಯಂ ಮಾಡುವುದು ಸರಿಯಲ್ಲ. ‘ಯಾವುದೂ ಬೇಡ’ ಎಂಬ ತಮ್ಮ ಬೇಡಿಕೆಯೇ ನ್ಯಾಯವಾದುದು. ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ಫೋಲ್ಡರ್ ಆಪ್ಶನ್ಸ್‌ನೊಳಗೆ ಫೈಲುಗಳ ಬಗೆಗಳ ಪಟ್ಟಿಯೂ, ಪಕ್ಕದಲ್ಲಿ ‘ಡಿಲೀಟ್’ ಗುಂಡಿಯೂ ಇದ್ದವು. ವಿಸ್ತಾ ಬಂದಾಗ ಆ ಪಟ್ಟಿಯನ್ನು ತೆಗೆದುಹಾಕಿದರು. ಬದಲಾಯಿಸಲು ಮಾತ್ರ ಅವಕಾಶ ಕೊಟ್ಟು ತೆಗೆಯಲು ಕೊಡದ ಈ ಏರ್ಪಾಡು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ತಮ್ಮ ಲಾಗಿನ್‌ನಲ್ಲಿಯೇ ಇದ್ದುಕೊಂಡು, ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ‘ರೆಜ್‌ಎಡಿಟ್’ (regedit) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿರಿ; ಅನುಮತಿ ಕೇಳಿದರೆ ‘ಯೆಸ್’ ಎನ್ನಿ. ಎಡಗಡೆಯ ಪಟ್ಟಿಯಲ್ಲಿ ‘ಎಚ್‌ಕೀ ಕರೆಂಟ್ ಯೂಸರ್’ ಎಂಬುದನ್ನು ಬಿಡಿಸಿ, ಕ್ರಮವಾಗಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಫೈಲ್ ಎಕ್ಸ್‌ಟ್ಸ್ ಎಂಬ ಫೋಲ್ಡರುಗಳೊಳಗೆ ಇಳಿಯುತ್ತಾ ಹೋಗಿ. ಕೊನೆಯದರಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರುಗಳ ಉದ್ದನೆಯ ಸಾಲು ಕಾಣುತ್ತದೆ. ಅದರಲ್ಲಿ ಡ್ಯಾಟ್ ಎಂಬುದನ್ನು ಹುಡುಕಿ.

ಅಳಿಸುವ ಮುನ್ನ ಅದರ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಎಕ್ಸ್‌ಪೋರ್ಟ್’ ಆರಿಸಿ ಒಂದು ಪ್ರತಿಯನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ. ಅವಸರದಲ್ಲಿ ಇದೊಂದನ್ನು ಬಿಡಬೇಡಿ; ರಿಜಿಸ್ಟ್ರಿಯಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಆನಂತರ ಡ್ಯಾಟ್ ಫೋಲ್ಡರನ್ನು ಬಿಡಿಸಿ ನೋಡಿದರೆ ಒಳಗೆ ‘ಯೂಸರ್‌ಚಾಯ್ಸ್’ ಎಂಬುದು ಕಾಣುತ್ತದೆ. ಮೊಮ್ಮಗ ಒತ್ತಿದ ಗುಂಡಿಯ ಗುರುತು ಅದೇ. ಅದನ್ನು ಆರಿಸಿದರೆ ಬಲಗಡೆ ಪ್ರೋಗ್ರಾಮಿನ ಹೆಸರೂ, ‘ಹ್ಯಾಶ್’ ಎಂಬ ಅರ್ಥವಾಗದ ಅಕ್ಷರಸಾಲೂ ಇರುತ್ತವೆ. ಬೇರೆ ಪ್ರೋಗ್ರಾಮುಗಳು ಬಳಕೆದಾರರಿಗೆ ತಿಳಿಯದಂತೆ ಆಯ್ಕೆಯನ್ನು ಬದಲಾಯಿಸಬಾರದೆಂದು 2012ರ ವಿಂಡೋಸ್ 8ರಿಂದ ಈ ಮುದ್ರೆಯನ್ನು ಹಾಕಲಾಗುತ್ತಿದೆ. ಹಾಗಾಗಿ ಪ್ರೋಗ್ರಾಮಿನ ಹೆಸರನ್ನು ಕೈಯಿಂದ ತಿದ್ದಿದರೆ ವಿಂಡೋಸ್ ಅದನ್ನು ಮಾನ್ಯ ಮಾಡುವುದಿಲ್ಲ. ತಿದ್ದುವ ಗೋಜಿಗೆ ಹೋಗದೆ ಯೂಸರ್‌ಚಾಯ್ಸ್ ಎಂಬುದನ್ನು ಇಡಿಯಾಗಿ ಅಳಿಸಿ.

ಅಷ್ಟರಿಂದಲೇ ಮುಗಿಯದಿರಲೂಬಹುದು. ಯಾವ ಸಂಬಂಧವೂ ಇಲ್ಲದ ಬಗೆಯ ಫೈಲಿಗೆ ಹೊಸದಾಗಿ ಪ್ರೋಗ್ರಾಮನ್ನು ಕಟ್ಟಿದಾಗ ವಿಂಡೋಸ್ ಕೆಲವೊಮ್ಮೆ ‘ಡ್ಯಾಟ್ ಆಟೊ ಫೈಲ್’ ಎಂಬ ಹೆಸರಿನ ಇನ್ನೊಂದು ದಾಖಲೆಯನ್ನೂ ಹುಟ್ಟಿಸುತ್ತದೆ. ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಕ್ಲಾಸಸ್ ಎಂಬ ದಾರಿಯಲ್ಲಿ ಹೋಗಿ, ಅಲ್ಲಿ ಈ ಹೆಸರೂ, ಅದನ್ನು ಸೂಚಿಸುವ ಡ್ಯಾಟ್ ಎಂಬ ನಮೂದೂ ಇದ್ದರೆ, ಮೊದಲಿನಂತೆಯೇ ಪ್ರತಿ ಇಟ್ಟುಕೊಂಡು ಅವೆರಡನ್ನೂ ಅಳಿಸಿ. ಇಲ್ಲದಿದ್ದರೆ ಹಾಗೆಯೇ ಹಿಂದಿರುಗಿ. ಸೈನ್ ಔಟ್ ಆಗಿ ಮತ್ತೆ ಒಳಬಂದ ಮೇಲೆ ಡ್ಯಾಟ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ಮೊದಲಿನಂತೆ ಕೇಳಬೇಕು. ಮದುವೆಯ ಸಿಡಿ ನೋಡುವಾಗ ವಿಎಲ್‌ಸಿಯನ್ನು ಆರಿಸಿ ‘ಜಸ್ಟ್ ಒನ್ಸ್’ ಒತ್ತಿದರಾಯಿತು. ವಿನ್‌ಮೇಲ್ ಫೈಲಿನ ವಿಷಯದಲ್ಲಿ, ಕಳುಹಿಸಿದವರಿಗೆ ಪತ್ರವನ್ನು ಸಾದಾ ಪಠ್ಯದಲ್ಲಿ ಅಥವಾ ಎಚ್‌ಟಿಎಂಎಲ್‌ನಲ್ಲಿ ಮತ್ತೊಮ್ಮೆ ಕಳುಹಿಸಲು ಹೇಳುವುದೇ ಸುಲಭ.

ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್ಸ್ ಪುಟದಲ್ಲಿರುವ ‘ರೀಸೆಟ್’ ಗುಂಡಿಯನ್ನು ಒತ್ತಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಅದು ಡ್ಯಾಟ್ ಒಂದನ್ನೇ ಅಲ್ಲ, ತಾವು ಬ್ರೌಸರಿಗೆ, ಫೋಟೊಗೆ, ಪಿಡಿಎಫ್‌ಗೆ ಮಾಡಿಕೊಂಡಿರುವ ಎಲ್ಲ ಆಯ್ಕೆಗಳನ್ನೂ ಮೈಕ್ರೋಸಾಫ್ಟಿನ ಇಷ್ಟಕ್ಕೆ ಹಿಂದಿರುಗಿಸುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಪ್ರಶ್ನೆ: ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳೆಲ್ಲ ನೋಟ್‌ಪ್ಯಾಡಿನ ಚಿಹ್ನೆ ತಳೆದಿವೆ, ಯಾವುದನ್ನು ಒತ್ತಿದರೂ ನೋಟ್‌ಪ್ಯಾಡ್ ತೆರೆದು ವಿಚಿತ್ರ ಅಕ್ಷರಗಳು ಕಾಣುತ್ತವೆ. ವೈರಸ್ ಹೊಕ್ಕಿರಬಹುದೇ? ಫಾರ್ಮ್ಯಾಟ್ ಮಾಡಿಸಲೇ?
— ಗೃಹಿಣಿ, ಧಾರವಾಡ

ಉತ್ತರ: ಫಾರ್ಮ್ಯಾಟ್ ಬೇಡ. ಇದು ಸಾಮಾನ್ಯವಾಗಿ ವೈರಸ್ಸಿನ ಕೆಲಸವಲ್ಲ. ಮೇಲಿನ ಪ್ರಶ್ನೆಯಲ್ಲಿರುವ ತೊಂದರೆಯೇ ಬೇರೆ ವೇಷದಲ್ಲಿ ಬಂದಿದೆ. ಪ್ರತಿಯೊಂದು ಶಾರ್ಟ್‌ಕಟ್ಟೂ ‘ಎಲ್‌ಎನ್‌ಕೆ’ ಎಂಬ ಬಾಲವುಳ್ಳ ಸಣ್ಣ ಫೈಲು, ಆದರೆ ವಿಂಡೋಸ್ ಆ ಬಾಲವನ್ನು ಎಂದೂ ತೋರಿಸುವುದಿಲ್ಲ. ಯಾರೋ ಒಂದು ಶಾರ್ಟ್‌ಕಟ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆಯಲು ಹೋಗಿ ಅದನ್ನೇ ಕಾಯಂ ಮಾಡಿದ್ದಾರೆ. ರೆಜ್‌ಎಡಿಟ್ ಶಾರ್ಟ್‌ಕಟ್ ಅಲ್ಲದ್ದರಿಂದ ವಿಂಡೋಸ್ ಕೀಲಿ ಮತ್ತು ‘ಆರ್’ ಒತ್ತಿ ಅದನ್ನು ಈಗಲೂ ತೆರೆಯಬಹುದು. ಮೇಲೆ ಹೇಳಿದ ಫೈಲ್ ಎಕ್ಸ್‌ಟ್ಸ್‌ನಲ್ಲಿ ಎಲ್‌ಎನ್‌ಕೆ ಹುಡುಕಿ, ಪ್ರತಿ ಉಳಿಸಿಕೊಂಡು, ಒಳಗಿನ ಯೂಸರ್‌ಚಾಯ್ಸ್ ಒಂದನ್ನೇ ಅಳಿಸಿ ಸೈನ್ ಔಟ್ ಆಗಿ. ‘ಎಚ್‌ಕೀ ಕ್ಲಾಸಸ್ ರೂಟ್’ ಎಂಬಲ್ಲಿಯೂ ಎಲ್‌ಎನ್‌ಕೆ ಕಾಣುತ್ತದೆ. ಅದು ಇಡೀ ಯಂತ್ರದ ದಾಖಲೆಯನ್ನೂ ಒಳಗೊಂಡಿರುವುದರಿಂದ ಅದನ್ನು ಮುಟ್ಟಕೂಡದು, ಅಳಿಸಿದರೆ ಶಾರ್ಟ್‌ಕಟ್‌ಗಳು ನಿಜವಾಗಿಯೂ ಕೆಡುತ್ತವೆ.